ಅಮೂಲ್ಯ ಕುಮಾರ್ ಎನ್. ರೆಡ್ಡಿ

ಅಮೂಲ್ಯ ಕುಮಾರ್ ಎನ್. ರೆಡ್ಡಿ (21 ಅಕ್ಟೋಬರ್ 1930 – 7 ಮೇ 2006) ಕರ್ನಾಟಕದ ವಿದ್ಯುತ್ ರಸಾಯನಶಾಸ್ತ್ರಜ್ಞರು ಹಾಗೂ ಇಂಧನ ನೀತಿಯ ಚಿಂತಕರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾಲು ಶತಮಾನ ಪ್ರಾಧ್ಯಾಪಕರಾಗಿದ್ದ ಇವರು ಗ್ರಾಮೀಣ ತಂತ್ರಜ್ಞಾನಕ್ಕಾಗಿ 'ಅಸ್ತ್ರ' ಕೇಂದ್ರವನ್ನು ಸ್ಥಾಪಿಸಿದರು. ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಸೌದೆ, ಸಗಣಿ ಮತ್ತು ಸೀಮೆಎಣ್ಣೆಯ ಬಳಕೆಯನ್ನು ಅಳೆಯುವ ಕೆಲಸದಿಂದ ಆರಂಭಿಸಿ, ದೇಶದ ರಸ್ತೆ ಸಾರಿಗೆಯ ಡೀಸೆಲ್ ಅವಲಂಬನೆಗೆ ಪರಿಹಾರ ಸೂಚಿಸುವವರೆಗೆ ಇವರ ಚಿಂತನೆ ಬೆಳೆಯಿತು.

ಶಿಕ್ಷಣ ಮತ್ತು ಆರಂಭಿಕ ವೃತ್ತಿ

ರೆಡ್ಡಿಯವರು ಬೆಂಗಳೂರಿನಲ್ಲಿ ಜನಿಸಿದರು. ಸೆಂಟ್ರಲ್ ಕಾಲೇಜಿನಲ್ಲಿ ರಸಾಯನಶಾಸ್ತ್ರವನ್ನು ಅಭ್ಯಸಿಸಿ, ಲಂಡನ್ನಿನ ಇಂಪೀರಿಯಲ್ ಕಾಲೇಜಿನಿಂದ 1958ರಲ್ಲಿ ಡಾಕ್ಟರೇಟ್ ಪಡೆದರು. ಸ್ವದೇಶಕ್ಕೆ ಮರಳಿ ಕಾರೈಕುಡಿಯ ಕೇಂದ್ರೀಯ ವಿದ್ಯುತ್ ರಾಸಾಯನಿಕ ಸಂಶೋಧನಾಲಯದಲ್ಲಿ ಕೆಲಸ ಮಾಡಿದ ಬಳಿಕ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯಕ್ಕೆ ತೆರಳಿದರು. ಅಲ್ಲಿ ಜಾನ್ ಬಾಕ್ರಿಸ್ ಅವರೊಂದಿಗೆ ಬರೆದ 'ಮಾಡರ್ನ್ ಎಲೆಕ್ಟ್ರೋಕೆಮಿಸ್ಟ್ರಿ' ಎಂಬ ಎರಡು ಸಂಪುಟಗಳ ಗ್ರಂಥವು 1970ರಲ್ಲಿ ಪ್ರಕಟವಾಗಿ, ಜಗತ್ತಿನ ಅನೇಕ ವಿಶ್ವವಿದ್ಯಾಲಯಗಳಲ್ಲಿ ಪಠ್ಯವಾಯಿತು. ಇಂದಿನ ವಿದ್ಯುತ್ ವಾಹನಗಳ ಬ್ಯಾಟರಿಗೂ ಹೈಡ್ರೋಜನ್ ಇಂಧನ ಕೋಶಕ್ಕೂ ಆಧಾರವಾಗಿರುವುದು ಈ ಶಾಸ್ತ್ರವೇ. ಬಾಕ್ರಿಸ್ ಮುಂದೆ ಹೈಡ್ರೋಜನ್ ಇಂಧನದ ಪ್ರಮುಖ ಪ್ರತಿಪಾದಕರಾದರು. ರೆಡ್ಡಿಯವರ ದಾರಿ ಹಳ್ಳಿಯ ಕಡೆಗೆ ತಿರುಗಿತು.

1966ರಲ್ಲಿ ಅವರು ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿ 1991ರವರೆಗೆ ಅಲ್ಲಿದ್ದರು.

ಅಸ್ತ್ರ ಮತ್ತು ತುಮಕೂರು ಜಿಲ್ಲೆಯ ಹಳ್ಳಿಗಳು

ಉನ್ನತ ವಿಜ್ಞಾನದ ಫಲವು ನಗರದ ಕೆಲವರಿಗಷ್ಟೇ ತಲುಪುತ್ತಿದೆ ಎಂಬ ಅತೃಪ್ತಿ ಎಪ್ಪತ್ತರ ದಶಕದ ಆರಂಭದಲ್ಲಿ ರೆಡ್ಡಿಯವರನ್ನು ಕಾಡತೊಡಗಿತು. ಸತೀಶ್ ಧವನ್ ಅವರು ಸಂಸ್ಥೆಯ ನಿರ್ದೇಶಕರಾಗಿದ್ದ ಕಾಲದಲ್ಲಿ, 1974ರಲ್ಲಿ, ಅವರು ಸಹೋದ್ಯೋಗಿಗಳೊಂದಿಗೆ ಅಸ್ತ್ರವನ್ನು ಆರಂಭಿಸಿದರು. ವಿದ್ಯುತ್ ರಸಾಯನಶಾಸ್ತ್ರದಲ್ಲಿ ಅಂತರರಾಷ್ಟ್ರೀಯ ಹೆಸರು ಗಳಿಸಿದ್ದವರು ಒಲೆ ಮತ್ತು ಸಗಣಿ ಗುಂಡಿಗಳ ಅಧ್ಯಯನಕ್ಕೆ ಇಳಿದದ್ದು ಆ ಕಾಲದ ವಿಜ್ಞಾನ ವಲಯದಲ್ಲಿ ಅಪರೂಪದ ಸಂಗತಿ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಪ್ರಾರಂಭಿಕ ವರ್ಷಗಳಲ್ಲಿ ಅದರ ಕಾರ್ಯದರ್ಶಿಯ ಹೊಣೆಯನ್ನೂ ಅವರು ಹೊತ್ತಿದ್ದರು.

ಅಸ್ತ್ರದ ವಿಸ್ತರಣಾ ಕೇಂದ್ರವು ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ನೆಲೆಗೊಂಡಿತು. ಸುತ್ತಲಿನ ಆರು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ, ಯಾವ ಕೆಲಸಕ್ಕೆ ಯಾವ ಇಂಧನ ಎಷ್ಟು ಬೇಕಾಗುತ್ತದೆ, ಅದನ್ನು ತರಲು ಯಾರು ಎಷ್ಟು ಹೊತ್ತು ದುಡಿಯುತ್ತಾರೆ ಎಂಬುದನ್ನು ಲೆಕ್ಕ ಹಾಕಲಾಯಿತು. ಪುರ ಎಂಬ ಪುಟ್ಟ ಹಳ್ಳಿಯಲ್ಲಿ ಒಟ್ಟು ಶಕ್ತಿ ಬಳಕೆಯ ಬಹುಪಾಲು ಸೌದೆಯಿಂದ ಬರುತ್ತಿತ್ತು. ಮನುಷ್ಯ ದುಡಿಮೆಯ ಗಂಟೆಗಳಲ್ಲಿ ಶೇ 53ರಷ್ಟು ಹೆಂಗಸರದು, ಶೇ 31ರಷ್ಟು ಗಂಡಸರದು, ಶೇ 16ರಷ್ಟು ಮಕ್ಕಳದು. ಗ್ರಾಮೀಣ ಇಂಧನದ ಪ್ರಶ್ನೆಯು ಹೆಣ್ಣಿನ ದುಡಿಮೆಯ ಪ್ರಶ್ನೆಯೂ ಆಗಿದೆ ಎಂಬುದಕ್ಕೆ ಈ ಅಂಕಿಗಳು ಮುಂದೆ ದೇಶ ವಿದೇಶಗಳಲ್ಲಿ ಉಲ್ಲೇಖಗೊಂಡವು. ಕಡಿಮೆ ಸೌದೆಯಲ್ಲಿ ಮೂರು ಪಾತ್ರೆಗಳಿಗೆ ಉರಿ ಕೊಡುವ 'ಅಸ್ತ್ರ ಒಲೆ' ಈ ಅಧ್ಯಯನಗಳ ನಂತರ ಬಂದಿತು.

ಪುರದ ಸಮುದಾಯ ಗೋಬರ್ ಗ್ಯಾಸ್ ಘಟಕದ ಕಥೆ ಅಷ್ಟು ಸರಳವಲ್ಲ. ಎಲ್ಲ ಮನೆಗಳ ಅಡುಗೆಗೆ ಅನಿಲ ಒದಗಿಸುವ ಮೊದಲ ಯೋಜನೆ ಸೋತಿತು. ಊರಿನ ದನಗಳ ಸಗಣಿಯಿಂದ ಎಲ್ಲರಿಗೂ ಸಾಕಾಗುವಷ್ಟು ಅನಿಲ ಸಿಗುವಂತಿರಲಿಲ್ಲ. ಆರಿಸಿ ತಂದ ಪುಳ್ಳೆಗೆ ಹಣ ಕೊಡಬೇಕಾಗಿರಲಿಲ್ಲವಾದ್ದರಿಂದ ಜನರಿಗೆ ಅಡುಗೆ ಅನಿಲ ತುರ್ತಾಗಿಯೂ ಕಾಣಲಿಲ್ಲ. ಅವರಿಗೆ ಬೇಕಾಗಿದ್ದುದು ಕುಡಿಯುವ ನೀರು. ಈ ಸೋಲನ್ನು ಮರೆಮಾಚದೆ ರೆಡ್ಡಿ ಮತ್ತು ಸಂಗಡಿಗರು ಯೋಜನೆಯನ್ನೇ ಬದಲಿಸಿದರು. 1987ರಿಂದ ಅದೇ ಅನಿಲವನ್ನು ಡೀಸೆಲ್ ಎಂಜಿನ್ನಿಗೆ ಹಾಯಿಸಿ ವಿದ್ಯುತ್ ಉತ್ಪಾದಿಸಿ, ಕೊಳವೆಬಾವಿಯ ನೀರನ್ನು ನಲ್ಲಿಗಳಿಗೂ ಬೆಳಕನ್ನು ಮನೆಗಳಿಗೂ ಕೊಡಲಾಯಿತು. ಸಗಣಿ ತಂದವರಿಗೆ ಹಣವೂ, ಅನಿಲ ಬಿಟ್ಟ ನಂತರ ಉಳಿದ ಗೊಬ್ಬರವೂ ಹಿಂದಿರುಗುತ್ತಿತ್ತು. ಈ ಬಗೆಯ ಎಂಜಿನ್ ಡೀಸೆಲನ್ನು ಪೂರ್ತಿ ಬಿಡುವುದಿಲ್ಲ. ಕಿಡಿಯ ಬದಲಿಗೆ ಹೊತ್ತಿಸಲು ಸ್ವಲ್ಪ ಡೀಸೆಲ್ ಬೇಕು, ಉಳಿದ ಕೆಲಸ ಅನಿಲದ್ದು. ಘಟಕ ಶಾಶ್ವತವಾಗಿ ಉಳಿಯಲಿಲ್ಲವಾದರೂ ಊರಿನವರೇ ನಡೆಸಬಲ್ಲ ಇಂಧನ ವ್ಯವಸ್ಥೆಗೆ ಅದು ಮಾದರಿಯಾಯಿತು.

ಇದೇ ತತ್ತ್ವದ ಮೇಲೆ ಸೌದೆಯನ್ನು ಅರೆಬರೆ ಉರಿಸಿ ದಹ್ಯ ಅನಿಲ ಪಡೆಯುವ ಗ್ಯಾಸಿಫೈಯರ್ ಅನ್ನು ವಿಜ್ಞಾನ ಸಂಸ್ಥೆಯ ಇತರ ವಿಜ್ಞಾನಿಗಳು ಅಭಿವೃದ್ಧಿಪಡಿಸಿ, 1988ರಲ್ಲಿ ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಯಲ್ಲಿ ಅಳವಡಿಸಿದರು. ವಿಚಾರವೇನೂ ಹೊಸದಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲ್ ಸಿಗದೆ ನಮ್ಮ ರಸ್ತೆಗಳಲ್ಲಿ ಇದ್ದಿಲು ಗ್ಯಾಸಿನ ಬಸ್ಸುಗಳು ಓಡಿದ್ದವು. ಯುದ್ಧ ಮುಗಿದು ತೈಲ ಅಗ್ಗವಾದಂತೆ ಅವು ಮರೆಯಾದವು.

ಸೀಮೆಎಣ್ಣೆ, ಡೀಸೆಲ್ ಮತ್ತು ಲಾರಿ

ರೆಡ್ಡಿಯವರ ಬರಹಗಳಲ್ಲಿ ರಸ್ತೆ ಸಾರಿಗೆಗೆ ನೇರವಾಗಿ ಸಂಬಂಧಿಸಿದ್ದು ಭಾರತದ ತೈಲ ಬಿಕ್ಕಟ್ಟಿನ ಪರಿಹಾರ ಕುರಿತು 1981ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನ. ಅದರ ವಾದಸರಣಿ ಹೀಗಿದೆ. ವಿದ್ಯುತ್ ಇಲ್ಲದ ಬಡವರ ಮನೆಯ ಬುಡ್ಡಿದೀಪಕ್ಕೆ ಸೀಮೆಎಣ್ಣೆ ಬೇಕು. ಆದ್ದರಿಂದ ಸರ್ಕಾರ ಅದರ ಬೆಲೆಯನ್ನು ತಗ್ಗಿಸಿ ಇಡುತ್ತದೆ. ಡೀಸೆಲ್ ಬೆಲೆಯನ್ನು ಅದಕ್ಕಿಂತ ಬಹಳ ಏರಿಸಿದರೆ ಸೀಮೆಎಣ್ಣೆ ಡೀಸೆಲಿಗೆ ಬೆರಕೆಯಾಗುತ್ತದೆ. ಹೀಗಾಗಿ ಡೀಸೆಲನ್ನೂ ಅಗ್ಗವಾಗಿಯೇ ಇಡಬೇಕಾಗುತ್ತದೆ. ಅಗ್ಗದ ಡೀಸೆಲಿನಿಂದ ಲಾರಿಗಳು ದೂರ ಪ್ರಯಾಣದ ಸರಕನ್ನೂ ರೈಲಿನಿಂದ ಕಸಿದುಕೊಳ್ಳುತ್ತವೆ. ಅದೇ ಸರಕನ್ನು ಸಾಗಿಸಲು ರೈಲಿಗಿಂತ ಲಾರಿಗೆ ಹಲವು ಪಟ್ಟು ಇಂಧನ ಬೇಕಾಗುವುದರಿಂದ ತೈಲದ ಆಮದು ಏರುತ್ತಲೇ ಹೋಗುತ್ತದೆ.

ಈ ಸರಪಳಿಯನ್ನು ಕಡಿಯಬೇಕಾದದ್ದು ಪೆಟ್ರೋಲ್ ಬಂಕಿನಲ್ಲಿ ಅಲ್ಲ, ಗುಡಿಸಲಿನ ದೀಪದಲ್ಲಿ ಎಂಬುದು ರೆಡ್ಡಿಯವರ ನಿಲುವು. ಪ್ರತಿ ಮನೆಗೂ ವಿದ್ಯುದ್ದೀಪ ಕೊಟ್ಟರೆ ಸೀಮೆಎಣ್ಣೆಯ ಸಹಾಯಧನ ಅನಗತ್ಯವಾಗುತ್ತದೆ, ಡೀಸೆಲಿಗೆ ಅದರ ನಿಜವಾದ ಬೆಲೆ ಇಡಬಹುದು, ದೂರದ ಸರಕು ರೈಲಿಗೆ ಮರಳುತ್ತದೆ, ಲಾರಿ ಹತ್ತಿರದ ಸಾಗಣೆಗೆ ಉಳಿಯುತ್ತದೆ. ಬಡವರಿಗೆ ಬೆಳಕು ಕೊಡುವುದು ದಾನವಾಗದೆ ದೇಶದ ತೈಲ ನೀತಿಯೇ ಆಗುವ ಈ ತರ್ಕ ಅವರ ಅತ್ಯಂತ ಸ್ವಂತಿಕೆಯ ಕೊಡುಗೆ ಎನ್ನಬಹುದು.

ವಾದದ ಒಂದು ತೊಡಕು ತುಮಕೂರು ಜಿಲ್ಲೆಯಲ್ಲೇ ಕಾಣುತ್ತದೆ. ಮಧುಗಿರಿ, ಕೊರಟಗೆರೆ, ಪಾವಗಡ, ಶಿರಾ ಈ ನಾಲ್ಕು ತಾಲ್ಲೂಕು ಕೇಂದ್ರಗಳಿಗೂ ಅವರ ಜೀವಿತಾವಧಿಯಲ್ಲಿ ರೈಲು ಬಂದಿರಲಿಲ್ಲ. ಬೆಂಗಳೂರು–ಪುಣೆ ಹೆದ್ದಾರಿ ಶಿರಾವನ್ನು ಹಾದುಹೋಗುತ್ತದೆ. ಪಾವಗಡದ ಕಡಲೆಕಾಯಿಯಾಗಲಿ ಮಧುಗಿರಿಯ ಹುಣಸೆಯಾಗಲಿ ಲಾರಿ ಏರದೆ ಮಾರುಕಟ್ಟೆ ಸೇರುತ್ತಿರಲಿಲ್ಲ. ಹಳಿಯೇ ಇಲ್ಲದ ಕಡೆ ಡೀಸೆಲ್ ಬೆಲೆ ಏರಿದರೆ ಭಾರ ಬೀಳುವುದು ರೈತನ ಮೇಲೆ.

ವಿದ್ಯುತ್ ಯೋಜನೆಯ ವಿವಾದ

ಕರ್ನಾಟಕದ ವಿದ್ಯುತ್ ಬೇಡಿಕೆಗಾಗಿ 1987ರಲ್ಲಿ ಸಿದ್ಧವಾದ ದೀರ್ಘಾವಧಿ ಯೋಜನೆಯನ್ನು ರೆಡ್ಡಿ ಮತ್ತು ಸಹಲೇಖಕರು ಪ್ರಶ್ನಿಸಿದರು. ಹಿಂದಿನ ಬೆಳವಣಿಗೆಯ ಗೆರೆಯನ್ನೇ ಮುಂದಕ್ಕೆ ಎಳೆಯುವ ಬದಲು, ಜನರಿಗೆ ಬೇಕಾದ ಸೇವೆ ಯಾವುದು ಎಂಬಲ್ಲಿಂದ ಲೆಕ್ಕ ಆರಂಭಿಸುವ 'ಡಿಫೆಂಡಸ್' ವಿಧಾನವನ್ನು ಮುಂದಿಟ್ಟರು. ಎಲ್ಲ ಮನೆಗಳಿಗೂ ವಿದ್ಯುತ್ ಕೊಟ್ಟು, ದಕ್ಷ ಉಪಕರಣ ಬಳಸಿದರೆ, ಯೋಜನೆ ಹೇಳಿದ್ದರ ಅರ್ಧಕ್ಕಿಂತ ಕಡಿಮೆ ವಿದ್ಯುತ್ ಸಾಕೆಂದು ಅವರು ತೋರಿಸಿದರು.

ಕೊನೆಯ ವರ್ಷಗಳು ಮತ್ತು ಗೌರವ

ಜೋಸೆ ಗೋಲ್ಡೆಂಬರ್ಗ್, ಥಾಮಸ್ ಯೋಹಾನ್ಸನ್ ಮತ್ತು ರಾಬರ್ಟ್ ವಿಲಿಯಮ್ಸ್ ಅವರೊಂದಿಗೆ ರೆಡ್ಡಿ ಬರೆದ 'ಎನರ್ಜಿ ಫಾರ್ ಎ ಸಸ್ಟೈನಬಲ್ ವರ್ಲ್ಡ್' ಗ್ರಂಥವು ಎಂಬತ್ತರ ದಶಕದ ಕೊನೆಯಲ್ಲಿ ಹೊರಬಂದಿತು. ಈ ನಾಲ್ವರಿಗೂ 2000ದಲ್ಲಿ ವೋಲ್ವೋ ಪರಿಸರ ಪ್ರಶಸ್ತಿ ದೊರೆಯಿತು. 1991ರಲ್ಲಿ ಸ್ಥಾಪಿಸಿದ ಇಂಟರ್‌ನ್ಯಾಷನಲ್ ಎನರ್ಜಿ ಇನಿಷಿಯೇಟಿವ್ ಸಂಸ್ಥೆಯ ಮೂಲಕ ಅವರು ಕೆಲಸ ಮುಂದುವರಿಸಿದರು. 2006ರ ಮೇ 7ರಂದು ಬೆಂಗಳೂರಿನಲ್ಲಿ ನಿಧನರಾದರು.

ನಂತರದ ಬೆಳವಣಿಗೆಗಳು

ಅಸ್ತ್ರವು ಈಗ ಭಾರತೀಯ ವಿಜ್ಞಾನ ಸಂಸ್ಥೆಯ ಸುಸ್ಥಿರ ತಂತ್ರಜ್ಞಾನಗಳ ಕೇಂದ್ರವಾಗಿದೆ. ಗ್ಯಾಸಿಫೈಯರ್ ಪ್ರಯೋಗವನ್ನು ವಿಶ್ವಸಂಸ್ಥೆಯ ನೆರವಿನ ಯೋಜನೆಯೊಂದು ಮಧುಗಿರಿ, ಕೊರಟಗೆರೆ ಮತ್ತು ಶಿರಾ ಸೇರಿದಂತೆ ತುಮಕೂರು ಜಿಲ್ಲೆಯ ಐದು ತಾಲ್ಲೂಕುಗಳಿಗೆ ವಿಸ್ತರಿಸಿತು. ಕಬ್ಬಿಗೆರೆಯ ಘಟಕದಿಂದ ವಿದ್ಯುತ್ ಜಾಲಕ್ಕೂ ಪೂರೈಕೆಯಾಯಿತು. ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತಲಿನ ಹಳ್ಳಿಗಳಲ್ಲಿ ಸುಮಾರು 13,000 ಎಕರೆ ಜಮೀನನ್ನು ರೈತರಿಂದ ಗುತ್ತಿಗೆಗೆ ಪಡೆದು ನಿರ್ಮಿಸಿದ ಸೌರ ಪಾರ್ಕ್ 2018ರಲ್ಲಿ ಉದ್ಘಾಟನೆಗೊಂಡು, 2,050 ಮೆಗಾವಾಟ್ ಸಾಮರ್ಥ್ಯಕ್ಕೆ ಬೆಳೆದಿದೆ. ಡೀಸೆಲ್ ಬೆಲೆ 2014ರ ಅಕ್ಟೋಬರ್‌ನಲ್ಲಿ ಸರ್ಕಾರದ ನಿಯಂತ್ರಣದಿಂದ ಮುಕ್ತವಾಯಿತು. ಕೊರಟಗೆರೆ, ಮಧುಗಿರಿ, ಪಾವಗಡಗಳ ಮೂಲಕ ಹಾದುಹೋಗಬೇಕಾದ ತುಮಕೂರು–ರಾಯದುರ್ಗ ರೈಲು ಮಾರ್ಗದ ಕಾಮಗಾರಿಯನ್ನು ಅವರ ನಿಧನದ ನಂತರ ಕೈಗೆತ್ತಿಕೊಳ್ಳಲಾಯಿತು. ಮೊದಲು ರೈಲು ಓಡಿದ್ದು ಆಂಧ್ರಪ್ರದೇಶದ ಕಡೆಯ ರಾಯದುರ್ಗ–ಕಲ್ಯಾಣದುರ್ಗ ಭಾಗದಲ್ಲಿ.