ಶಾಲೆಯಿಂದ ಸೆರೆಮನೆಗೆ: ಸ್ವಾಮಿ ರಾಮಾನಂದ ತೀರ್ಥರ ಮೊದಲ ಸತ್ಯಾಗ್ರಹ

ಔರಾದ ಶಹಾಜನಿ, ನಿಲಂಗಾ, ಉದಗೀರ ಪರಿಸರದ ಕಾಲೇಜುಗಳಲ್ಲಿ ಓದುವವರ ಪದವಿಪತ್ರದ ಮೇಲೆ ಒಬ್ಬ ಸಂನ್ಯಾಸಿಯ ಹೆಸರಿದೆ. ನಾಂದೇಡದಲ್ಲಿ 1994ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯಕ್ಕೆ ಸ್ವಾಮಿ ರಾಮಾನಂದ ತೀರ್ಥರ ಹೆಸರನ್ನಿಡಲಾಗಿದೆ. ಮರಾಠವಾಡಾದ ವಿಮೋಚನೆಯ ನಾಯಕರೆಂದು ಸ್ಮರಣೀಯರಾದ ಈ ಮಹನೀಯರು ಹುಟ್ಟಿದ್ದು ಕನ್ನಡ ನೆಲದಲ್ಲಿ. 1903ರ ಅಕ್ಟೋಬರ್ 3ರಂದು ಇಂದಿನ ವಿಜಯಪುರ ಜಿಲ್ಲೆಯ ಸಿಂದಗಿಯಲ್ಲಿ ಜನಿಸಿದ ಅವರ ಪೂರ್ವಾಶ್ರಮದ ಹೆಸರು ವೆಂಕಟೇಶ ಭಗವಾನರಾವ ಖೇಡಗೀಕರ.

1920ರ ಆಗಸ್ಟ್ 1ರಂದು ಲೋಕಮಾನ್ಯ ತಿಲಕರು ನಿಧನರಾದಾಗ ವೆಂಕಟೇಶನಿಗೆ ಇನ್ನೂ ಹದಿನೇಳು ತುಂಬಿರಲಿಲ್ಲ. ಆಜನ್ಮ ಬ್ರಹ್ಮಚಾರಿಯಾಗಿ ಉಳಿದು ದೇಶಸೇವೆಗೆ ಬಾಳನ್ನು ಮುಡಿಪಾಗಿಡುವ ಸಂಕಲ್ಪವನ್ನು ಆ ವಿದ್ಯಾರ್ಥಿ ಅಂದು ಕೈಗೊಂಡನು. ಗಾಂಧೀಜಿಯವರ ಅಸಹಕಾರದ ಕರೆ ಬಂದಾಗ ಸರ್ಕಾರಿ ಶಿಕ್ಷಣವನ್ನು ತೊರೆದು ಅಮಳನೇರದ ರಾಷ್ಟ್ರೀಯ ಶಾಲೆಯನ್ನೂ, ಬಳಿಕ ಪುಣೆಯ ತಿಲಕ ಮಹಾರಾಷ್ಟ್ರ ವಿದ್ಯಾಪೀಠವನ್ನೂ ಸೇರಿದನು. ಮುಂದೆ ಕಾರ್ಮಿಕ ನಾಯಕ ಎನ್. ಎಂ. ಜೋಶಿಯವರ ಬಳಿ ಕೆಲಸ ಮಾಡಿ ಸಂಘಟನೆಯ ಪಾಠ ಕಲಿತದ್ದೂ ಉಂಟು. ಆದರೆ ಅವರ ಜೀವನಕ್ಕೆ ದಿಕ್ಕು ಒದಗಿದ್ದು ನಮ್ಮ ನೆರೆಯಲ್ಲಿ, ಉಸ್ಮಾನಾಬಾದ ಜಿಲ್ಲೆಯ ಹಿಪ್ಪರ್ಗಾ ಗ್ರಾಮದ ರಾಷ್ಟ್ರೀಯ ಶಾಲೆಯಲ್ಲಿ. ಅಲ್ಲಿ ಅವರು ಮುಖ್ಯೋಪಾಧ್ಯಾಯರಾದರು. ಅಲ್ಲಿದ್ದ ಕಾಲದಲ್ಲಿಯೇ ಸಂನ್ಯಾಸ ಸ್ವೀಕರಿಸಿ ರಾಮಾನಂದ ತೀರ್ಥರೆನಿಸಿದರು. 1935ರಲ್ಲಿ ಅಂಬಾಜೋಗಾಯಿಗೆ ತೆರಳಿ ಅಲ್ಲಿಯೂ ಶಾಲೆಯ ಹೊಣೆ ಹೊತ್ತರು.

ನಿಜಾಮನ ರಾಜ್ಯದಲ್ಲಿ ಶಾಲೆ ನಡೆಸುವುದೇ ಒಂದು ಸಾಹಸವಾಗಿತ್ತು. ಸುಮಾರು 82,000 ಚದರ ಮೈಲಿಗಳ ಆ ಸಂಸ್ಥಾನದಲ್ಲಿ ತೆಲುಗಿನ ಎಂಟು, ಮರಾಠಿಯ ಐದು, ಕನ್ನಡದ ಮೂರು ಜಿಲ್ಲೆಗಳಿದ್ದವು. ಕಚೇರಿ, ನ್ಯಾಯಾಲಯ, ಉನ್ನತ ಶಿಕ್ಷಣಗಳ ಭಾಷೆ ಮಾತ್ರ ಉರ್ದು. ಖಾಸಗಿ ಶಾಲೆಗೂ ಸಾರ್ವಜನಿಕ ಸಭೆಗೂ ಸರ್ಕಾರದ ಅನುಮತಿ ಬೇಕಿತ್ತು. ಹೀಗಿರುವಾಗ ಶಾಲೆಯನ್ನು ಉಳಿಸಿಕೊಳ್ಳಬೇಕೆಂದರೆ ರಾಜಕೀಯದಿಂದ ದೂರವಿರುವುದೇ ಕ್ಷೇಮವೆಂದು ಯಾರಿಗಾದರೂ ತೋರಬಹುದಾಗಿತ್ತು. ಸ್ವಾಮೀಜಿಯವರು ಅನೇಕ ವರ್ಷ ಮಕ್ಕಳಿಗೆ ಪಾಠ ಹೇಳುವುದರಲ್ಲಿಯೇ ತಮ್ಮ ದೇಶಸೇವೆಯನ್ನು ಕಂಡವರು. 1938ರಲ್ಲಿ ಆ ನೆಲೆಯನ್ನು ಬಿಟ್ಟು ಹೊರಬರುವ ಪ್ರಸಂಗ ಒದಗಿತು.

ಆ ವರ್ಷ ಲಾತೂರಿನಲ್ಲಿ ಸೇರಿದ ಮಹಾರಾಷ್ಟ್ರ ಪರಿಷತ್ತು ಅವರನ್ನು ಕಾರ್ಯದರ್ಶಿಯನ್ನಾಗಿ ಆರಿಸಿತು. ಮೂರು ಭಾಷೆಗಳ ಜನರನ್ನೂ ಒಂದೇ ವೇದಿಕೆಗೆ ತಂದು ಜವಾಬ್ದಾರಿ ಸರ್ಕಾರವನ್ನು ಕೇಳುವುದಕ್ಕಾಗಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸನ್ನು ಕಟ್ಟುವ ಸಿದ್ಧತೆಯೂ ನಡೆದಿತ್ತು. ಆ ಸಂಸ್ಥೆ ವಿಧಿಪೂರ್ವಕವಾಗಿ ಹುಟ್ಟುವ ಮೊದಲೇ, ಸೆಪ್ಟೆಂಬರಿನಲ್ಲಿ, ಸರ್ಕಾರ ಅದನ್ನು ಮತೀಯ ಸಂಘಟನೆಯೆಂದು ಆರೋಪಿಸಿ ನಿಷೇಧಿಸಿತು. ಮಾತುಕತೆಗಳು ಫಲಿಸದಿದ್ದಾಗ ಅಕ್ಟೋಬರ್ 24ರಂದು ಸತ್ಯಾಗ್ರಹ ಆರಂಭವಾಯಿತು. ಗೋವಿಂದರಾವ ನಾನಲ್ ಮೊದಲ ತಂಡವನ್ನು ಮುನ್ನಡೆಸಿ ಬಂಧಿತರಾದರು. ಅಕ್ಟೋಬರ್ 27ರಂದು ಸ್ವಾಮೀಜಿಯವರ ಸರದಿ ಬಂದಿತು.

ಆ ಸತ್ಯಾಗ್ರಹದ ವಿಧಾನ ಅತ್ಯಂತ ಸರಳವಾದುದು. ಹೈದರಾಬಾದ್ ನಗರದ ಬೀದಿಯಲ್ಲಿ ನಿಂತು, ತಾವು ನಿಷೇಧಿತ ಸಂಸ್ಥೆಯ ಸದಸ್ಯರೆಂದು ಬಹಿರಂಗವಾಗಿ ಸಾರುವುದು. ಪೊಲೀಸರು ಬಂದಾಗ ಪ್ರತಿರೋಧವಿಲ್ಲದೆ ಸೆರೆಯಾಗುವುದು. ಆ ಸರಳ ಕಾರ್ಯಕ್ಕೆ ತೆರಬೇಕಾದ ಬೆಲೆ ಸಣ್ಣದಾಗಿರಲಿಲ್ಲ. ಮೂವತ್ತೈದು ವಯಸ್ಸಿನ ಆ ಗುರು ತಾವು ಕಟ್ಟಿ ಬೆಳೆಸಿದ ಶಾಲೆಯನ್ನೂ ವಿದ್ಯಾರ್ಥಿಗಳನ್ನೂ ಬಿಟ್ಟು ಸೆರೆಮನೆ ಸೇರಿದರು.

ಅವರು ಒಳಗಿದ್ದಾಗಲೇ ಹೊರಗೆ ಸತ್ಯಾಗ್ರಹ ನಿಂತುಹೋಯಿತು. ಅದೇ ಸಮಯದಲ್ಲಿ ಆರ್ಯ ಸಮಾಜವೂ ಹಿಂದೂ ಮಹಾಸಭೆಯೂ ಬೇರೆ ಉದ್ದೇಶದಿಂದ ಚಳವಳಿ ಹೂಡಿದ್ದವು. ಎರಡೂ ಒಂದೇ ಎಂಬ ಭಾವನೆ ಬಲಿತರೆ ಸ್ಟೇಟ್ ಕಾಂಗ್ರೆಸ್ಸಿನ ಮೇಲಿನ ಮತೀಯತೆಯ ಆರೋಪಕ್ಕೆ ಪುಷ್ಟಿ ದೊರೆಯುತ್ತಿತ್ತು. ಆದ್ದರಿಂದ ಗಾಂಧೀಜಿಯವರ ಸಲಹೆಯಂತೆ ಡಿಸೆಂಬರಿನಲ್ಲಿ ಹೋರಾಟವನ್ನು ಹಿಂದೆಗೆದುಕೊಳ್ಳಲಾಯಿತು. ನಿಷೇಧ ಮಾತ್ರ ಹೋಗಲಿಲ್ಲ. ಅದು ತೆರವಾದದ್ದು 1946ರಲ್ಲಿ.

ಲೆಕ್ಕವಿಡುವವರ ಕಣ್ಣಿಗೆ ಇದು ಸೋಲೆಂದೇ ಕಂಡೀತು. ಆದರೆ ಅದೇ ಚಳಿಗಾಲದಲ್ಲಿ ವಸತಿಗೃಹಗಳಲ್ಲಿ ವಂದೇ ಮಾತರಂ ಹಾಡಬಾರದೆಂಬ ಆಜ್ಞೆಯನ್ನು ಔರಂಗಾಬಾದ, ಹೈದರಾಬಾದ್, ಗುಲ್ಬರ್ಗಾಗಳ ವಿದ್ಯಾರ್ಥಿಗಳು ವಿರೋಧಿಸಿದರು. ಉಸ್ಮಾನಿಯಾ ವಿಶ್ವವಿದ್ಯಾಲಯ ಹೊರಹಾಕಿದ ಅನೇಕರಿಗೆ ನಾಗಪುರ ವಿಶ್ವವಿದ್ಯಾಲಯ ಆಶ್ರಯ ನೀಡಿತು. ಮುಂದೆ ದೇಶದ ಪ್ರಧಾನಿಯಾದ ಪಿ. ವಿ. ನರಸಿಂಹ ರಾವ್ ಅವರಲ್ಲೊಬ್ಬರು. ಇವರಲ್ಲಿ ಬಹುಜನರಿಗೆ ಅದೇ ಮೊದಲ ಪ್ರತಿಭಟನೆ. ಭಯ ಒಮ್ಮೆ ಮುರಿದ ಮೇಲೆ ಅದನ್ನು ಹಿಂದಿನಂತೆ ಕೂಡಿಸುವುದು ಸರ್ಕಾರಕ್ಕೆ ಸಾಧ್ಯವಾಗಲಿಲ್ಲ.

ಸ್ವಾಮೀಜಿಯವರ ವಿಷಯದಲ್ಲಿಯೂ ಹಾಗೆಯೇ ಆಯಿತು. ಬಿಡುಗಡೆಯ ನಂತರ 1940ರಲ್ಲಿ ವೈಯಕ್ತಿಕ ಸತ್ಯಾಗ್ರಹಕ್ಕಾಗಿ, 1942ರಲ್ಲಿ ಭಾರತ ಬಿಟ್ಟು ತೊಲಗಿ ಚಳವಳಿಯಲ್ಲಿ ಅವರು ಮತ್ತೆ ಸೆರೆಯಾದರು. 1947ರ ಆಗಸ್ಟ್ 15ರಂದು ದೇಶವೆಲ್ಲ ಸ್ವಾತಂತ್ರ್ಯವನ್ನು ಆಚರಿಸುತ್ತಿದ್ದಾಗ, ಭಾರತ ಒಕ್ಕೂಟಕ್ಕೆ ಸೇರುವ ಚಳವಳಿಯ ನಾಯಕರಾದ ಅವರು ಹೈದರಾಬಾದಿನಲ್ಲಿ ಬಂಧನಕ್ಕೊಳಗಾದರು. 1948ರ ಸೆಪ್ಟೆಂಬರ್ 17ರಂದು ಸಂಸ್ಥಾನ ಶರಣಾದಾಗಲೂ ಅವರು ಸೆರೆಯಲ್ಲಿಯೇ ಇದ್ದರು. ಮೊದಲ ಸತ್ಯಾಗ್ರಹಕ್ಕೂ ವಿಮೋಚನೆಗೂ ನಡುವೆ ಸುಮಾರು ಹತ್ತು ವರ್ಷಗಳು ಸಂದಿದ್ದವು.

1952ರಲ್ಲಿ ಗುಲ್ಬರ್ಗಾದಿಂದಲೂ 1957ರಲ್ಲಿ ಔರಂಗಾಬಾದದಿಂದಲೂ ಲೋಕಸಭೆಗೆ ಆಯ್ಕೆಯಾದ ಅವರು, ಭಾಷಾವಾರು ತತ್ವದಂತೆ ಹೈದರಾಬಾದ್ ರಾಜ್ಯವನ್ನು ವಿಂಗಡಿಸಬೇಕೆಂದು ವಾದಿಸಿದವರಲ್ಲಿ ಪ್ರಮುಖರು. 1956ರಲ್ಲಿ ಆ ವಿಂಗಡಣೆ ನಡೆದಾಗ ಬೀದರ ಜಿಲ್ಲೆಗೆ ಸೇರಿದ್ದ ನಿಲಂಗಾ, ಉದಗೀರ ತಾಲೂಕುಗಳು ಮುಂಬಯಿ ರಾಜ್ಯದ ಪಾಲಾದವು. ಹೀಗೆ ನಾವು ಗಡಿಯ ಈಚೆಗೆ ಉಳಿದು ಕನ್ನಡವನ್ನು ಐಚ್ಛಿಕ ವಿಷಯವಾಗಿ ಓದುವವರಾದೆವು. ಮೂರು ಭಾಷೆಗಳನ್ನು ಒಂದೇ ಹೋರಾಟದಲ್ಲಿ ಕೂಡಿಸಿದವರು, ಆ ಭಾಷೆಗಳಿಗೆ ತಮ್ಮ ತಮ್ಮ ರಾಜ್ಯಗಳು ದೊರೆಯಲೆಂದೂ ಬಯಸಿದರು. ಯಾವ ಗೆರೆಯನ್ನು ಎಳೆದರೂ ಕೆಲವು ಊರುಗಳಲ್ಲಿ ಎರಡು ನುಡಿಗಳು ಒಟ್ಟಿಗೆ ಬಾಳಲೇಬೇಕಾಗುತ್ತದೆ. ನಮ್ಮ ಊರುಗಳು ಅಂಥವು.

1972ರ ಜನವರಿ 22ರಂದು ಸ್ವಾಮೀಜಿಯವರು ನಿಧನರಾದರು. ಮೊದಲ ಸಲ ಬೀದಿಗಿಳಿಯುವ ಯಾರಿಗೂ ಫಲ ಕೈಗೆ ಸಿಗುವ ಭರವಸೆ ಇರುವುದಿಲ್ಲ. 1938ರ ಅಕ್ಟೋಬರಿನಲ್ಲಿ ಅವರಿಗೂ ಇರಲಿಲ್ಲ. ತಾವು ಯಾರೆಂಬುದನ್ನು ಮರೆಮಾಚದೆ ಹೇಳುವುದು ಮತ್ತು ಅದರ ಪರಿಣಾಮವನ್ನು ಸ್ವತಃ ಹೊರುವುದು, ಇವೆರಡನ್ನೇ ಅವರು ಅಂದು ಮಾಡಿದ್ದು.