ಬಡಾವಣೆಯ ಹೆಸರಾಗಿ ಉಳಿದ ಗಣಕ ಶಿಲ್ಪಿ: ಎ. ಎಸ್. ರಾವ್

ಸಿಕಂದರಾಬಾದಿನ ಪಾರ್ಕ್‌ಲೇನ್‌ನಲ್ಲಿರುವ ಚೆನಾಯ್ ಟ್ರೇಡ್ ಸೆಂಟರ್ ನಮ್ಮ ನಗರದ ಕಂಪ್ಯೂಟರ್ ಆಸಕ್ತರಿಗೆಲ್ಲ ಚಿರಪರಿಚಿತ ಸ್ಥಳ. ಮದರ್‌ಬೋರ್ಡ್, ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್‌ಗಳನ್ನು ಬಿಡಿಬಿಡಿಯಾಗಿ ಕೊಂಡು ತಂದು, ತಮ್ಮ ಕೈಯಾರೆ ಗಣಕವನ್ನು ಜೋಡಿಸಿಕೊಳ್ಳುವ ತರುಣರು ನಮ್ಮ ಕನ್ನಡ ಕುಟುಂಬಗಳಲ್ಲೂ ಸಾಕಷ್ಟು ಮಂದಿ ಇದ್ದಾರೆ. 2025ರ ಕೊನೆಯ ತಿಂಗಳುಗಳಲ್ಲಿ ಅವರೆಲ್ಲರ ಲೆಕ್ಕಾಚಾರ ತಲೆಕೆಳಗಾಯಿತು. ರ‍್ಯಾಮ್‌ನ ಬೆಲೆ ಕಂಡು ಕೇಳರಿಯದಂತೆ ಏರಿತು. ಕೃತಕ ಬುದ್ಧಿಮತ್ತೆಯ ಬೃಹತ್ ಗಣಕ ಕೇಂದ್ರಗಳಿಗೆ ಸ್ಮೃತಿ ಚಿಪ್ಪುಗಳು ಹರಿದುಹೋಗತೊಡಗಿದ್ದೇ ಇದಕ್ಕೆ ಮುಖ್ಯ ಕಾರಣ. ಜಗತ್ತಿನ ಬಹುಪಾಲು ರ‍್ಯಾಮ್ ಚಿಪ್ಪುಗಳನ್ನು ತಯಾರಿಸುವವು ಕೊರಿಯಾದ ಸ್ಯಾಮ್‌ಸಂಗ್ ಹಾಗೂ ಎಸ್‌ಕೆ ಹೈನಿಕ್ಸ್, ಅಮೆರಿಕದ ಮೈಕ್ರಾನ್ ಎಂಬ ಮೂರೇ ಸಂಸ್ಥೆಗಳು. ಅವು ಅಲ್ಲಿ ಕೈಗೊಂಡ ತೀರ್ಮಾನದ ಬಿಸಿ ಪಾರ್ಕ್‌ಲೇನಿನ ಅಂಗಡಿಗೂ ತಟ್ಟಿತು.

ಯಂತ್ರ ನಮ್ಮದು, ಆದರೆ ಅದರ ಒಳಗಿನ ಹೂರಣವೆಲ್ಲ ಪರರ ಅಧೀನ ಎಂಬ ಈ ಸಂಕಟ ಹೊಸದೇನಲ್ಲ. ಅರುವತ್ತು ವರ್ಷಗಳ ಹಿಂದೆಯೇ ಇದನ್ನು ಕಂಡುಕೊಂಡು, ಪರಿಹಾರಕ್ಕಾಗಿ ತಮ್ಮ ಆಯುಷ್ಯವನ್ನು ಸವೆಸಿದ ಮಹನೀಯರೊಬ್ಬರು ಇದೇ ನಗರದಲ್ಲಿದ್ದರು. ಅವರ ಹೆಸರನ್ನು ನಾವು ದಿನವೂ ಬಸ್ಸಿನ ಫಲಕಗಳಲ್ಲಿ ಓದುತ್ತೇವೆ. ನಗರದ ಈಶಾನ್ಯ ಭಾಗದಲ್ಲಿ, ಇ.ಸಿ.ಐ.ಎಲ್. ಕೂಡುರಸ್ತೆಯ ಸಮೀಪದಲ್ಲಿರುವ ಡಾ. ಎ. ಎಸ್. ರಾವ್ ನಗರವೇ ಅವರ ಸ್ಮಾರಕ. ಆ ಬಡಾವಣೆಯಲ್ಲಿ ಮನೆ ಮಾಡಿಕೊಂಡಿರುವ ಎಷ್ಟೋ ಜನರಿಗೆ ಆ ರಾವ್ ಯಾರೆಂಬುದು ತಿಳಿಯದು. ಅವರ ಬಾಳಿನ ಕಿರುಪರಿಚಯವನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಅಯ್ಯಗಾರಿ ಸಾಂಬಶಿವ ರಾವ್ ಅವರು ಜನಿಸಿದ್ದು 1914ರ ಸೆಪ್ಟೆಂಬರ್ 20ರಂದು, ಆಂಧ್ರದ ಇಂದಿನ ಪಶ್ಚಿಮ ಗೋದಾವರಿ ಜಿಲ್ಲೆಯ ಮೊಗಲ್ಲು ಗ್ರಾಮದಲ್ಲಿ. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಪದವಿ ಪಡೆದ ಅವರು 1940ರ ದಶಕದ ಉತ್ತರಾರ್ಧದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ತೆರಳಿ ವಿದ್ಯುತ್ ಎಂಜಿನಿಯರಿಂಗ್ ವ್ಯಾಸಂಗ ಮಾಡಿದರು. ಮುಂದೆ ಸಿಲಿಕಾನ್ ಕಣಿವೆ ಎಂದು ಜಗದ್ವಿಖ್ಯಾತವಾದ ಪ್ರದೇಶ ಅದು. ಅಲ್ಲಿಯೇ ನೆಲೆಸಿ ಬದುಕು ಕಟ್ಟಿಕೊಳ್ಳುವ ಅವಕಾಶ ಅಂಥ ವಿದ್ಯಾವಂತರಿಗೆ ಇರಲಿಲ್ಲವೆಂದಲ್ಲ. ರಾಯರು ಆಗಷ್ಟೇ ಸ್ವತಂತ್ರವಾಗಿದ್ದ ತಾಯ್ನಾಡಿಗೆ ಮರಳಿದರು.

ಆ ಕಾಲದಲ್ಲಿ ಹೋಮಿ ಜಹಾಂಗೀರ್ ಭಾಭಾ ಅವರು ದೇಶದ ಪರಮಾಣು ವಿಜ್ಞಾನಕ್ಕೆ ಅಡಿಪಾಯ ಹಾಕುತ್ತಿದ್ದರು. ಭಾಭಾ ಅವರ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1945ರಲ್ಲಿ ಮೊದಲು ಕಣ್ಣು ತೆರೆದದ್ದು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಎಂಬುದನ್ನು ಕನ್ನಡಿಗರು ಅಭಿಮಾನದಿಂದ ನೆನೆಯಬಹುದು. ಬಳಿಕ ಅದು ಮುಂಬಯಿಗೆ ಸ್ಥಳಾಂತರಗೊಂಡಿತು. ಭಾಭಾ ಅವರ ಬಳಗವನ್ನು ಸೇರಿದ ರಾಯರ ಪಾಲಿಗೆ ಬಂದದ್ದು ಉಪಕರಣಗಳ ವಿಭಾಗ. ವಿಕಿರಣವನ್ನು ಅಳೆಯುವ ಸಾಧನಗಳು, ರಿಯಾಕ್ಟರನ್ನು ನಿಯಂತ್ರಿಸುವ ವಿದ್ಯುನ್ಮಾನ ವ್ಯವಸ್ಥೆಗಳು ಅಂದು ಕೇಳಿದ ಕೂಡಲೇ ದೊರೆಯುವ ವಸ್ತುಗಳಾಗಿರಲಿಲ್ಲ. ಪರಮಾಣು ಸಂಬಂಧಿ ಸಾಮಗ್ರಿಯನ್ನು ಮಾರುವ ದೇಶಗಳು ನೂರೆಂಟು ಷರತ್ತು ಹಾಕುತ್ತಿದ್ದವು. ಆದ್ದರಿಂದ ಅವುಗಳನ್ನು ಇಲ್ಲಿಯೇ ಮಾಡಿಕೊಳ್ಳುವುದು ರಾಯರ ತಂಡದ ಪಾಲಿಗೆ ಅನಿವಾರ್ಯವೂ ಆಯಿತು, ಛಲವೂ ಆಯಿತು. 1956ರ ಆಗಸ್ಟ್ 4ರಂದು ಟ್ರಾಂಬೆಯಲ್ಲಿ ಅಪ್ಸರಾ ರಿಯಾಕ್ಟರ್ ಕಾರ್ಯಾರಂಭ ಮಾಡಿದಾಗ ಇಂಧನ ಬ್ರಿಟನ್ನಿನಿಂದ ಬಂದದ್ದಾಗಿತ್ತು. ಆದರೆ ಅದನ್ನು ಹದ್ದುಬಸ್ತಿನಲ್ಲಿಡುವ ನಿಯಂತ್ರಣ ವ್ಯವಸ್ಥೆ ಸ್ವದೇಶದಲ್ಲಿ ಸಿದ್ಧವಾಗಿತ್ತು. ರಾಯರ ಈ ಸೇವೆಯನ್ನು ಗುರುತಿಸಿ ಸರಕಾರವು 1960ರಲ್ಲಿ ಪದ್ಮಶ್ರೀ ನೀಡಿತು. 1965ರಲ್ಲಿ ಎಂಜಿನಿಯರಿಂಗ್ ವಿಭಾಗದ ಶಾಂತಿಸ್ವರೂಪ ಭಟ್ನಾಗರ್ ಪುರಸ್ಕಾರವೂ ಅವರಿಗೆ ಸಂದಿತು.

1962ರ ಚೀನಾ ಯುದ್ಧ ದೇಶಕ್ಕೆ ಅನೇಕ ಕಹಿ ಪಾಠಗಳನ್ನು ಕಲಿಸಿತು. ಸೈನ್ಯದ ಸಂಪರ್ಕ ಸಾಧನಗಳ ಕೊರತೆ ಅವುಗಳಲ್ಲೊಂದು. ಮರುವರ್ಷವೇ ಕೇಂದ್ರ ಸರಕಾರ ಭಾಭಾ ಅವರ ಅಧ್ಯಕ್ಷತೆಯಲ್ಲಿ ವಿದ್ಯುನ್ಮಾನ ಸಮಿತಿಯನ್ನು ನೇಮಿಸಿತು. ವಿಕ್ರಮ್ ಸಾರಾಭಾಯಿ, ಬೆಂಗಳೂರಿನ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಎಸ್. ಭಗವಂತಂ ಹಾಗೂ ರಾಯರು ಅದರ ಸದಸ್ಯರಾಗಿದ್ದರು. ಬಿಡಿಭಾಗಗಳಿಂದ ಹಿಡಿದು ಪೂರ್ಣ ಯಂತ್ರದವರೆಗೆ ಎಲ್ಲವನ್ನೂ ದೇಶದಲ್ಲಿಯೇ ತಯಾರಿಸುವ ಶಕ್ತಿ ಬರಬೇಕು ಎಂಬುದು ಆ ಸಮಿತಿಯ ಚಿಂತನೆಯ ತಿರುಳು. ದುರ್ದೈವದಿಂದ 1966ರ ಜನವರಿ 24ರಂದು ಭಾಭಾ ಅವರು ಆಲ್ಪ್ಸ್ ಪರ್ವತದಲ್ಲಿ ನಡೆದ ವಿಮಾನ ದುರಂತದಲ್ಲಿ ಮೃತಪಟ್ಟರು. ಅವರ ಕನಸನ್ನು ಕಾಗದದಿಂದ ಕಾರ್ಖಾನೆಗೆ ಇಳಿಸುವ ಹೊಣೆಯ ದೊಡ್ಡ ಪಾಲು ರಾಯರ ಹೆಗಲೇರಿತು.

ಹೀಗೆ 1967ರ ಏಪ್ರಿಲ್ 11ರಂದು ಹೈದರಾಬಾದಿನಲ್ಲಿ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಆಫ್ ಇಂಡಿಯಾ, ಅರ್ಥಾತ್ ಇ.ಸಿ.ಐ.ಎಲ್. ಜನ್ಮ ತಳೆಯಿತು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ 1954ರಲ್ಲಿ ಫ್ರೆಂಚ್ ಸಂಸ್ಥೆಯೊಂದರ ತಾಂತ್ರಿಕ ನೆರವಿನೊಡನೆ ಆರಂಭವಾಗಿತ್ತು. ರಾಯರು ಹಿಡಿದ ದಾರಿ ಬೇರೆ. ಟ್ರಾಂಬೆಯ ಪ್ರಯೋಗಶಾಲೆಯಲ್ಲಿ ನಮ್ಮವರೇ ರೂಪಿಸಿದ ಸಾಧನಗಳನ್ನು ಇಲ್ಲಿ ತಂದು ತಯಾರಿಸುವುದು, ವಿದೇಶಿ ಪರವಾನಗಿಯ ಹಂಗಿಲ್ಲದೆ ಬೆಳೆಯುವುದು ಅವರ ಸಂಕಲ್ಪವಾಗಿತ್ತು.

ಆ ಸಂಕಲ್ಪದ ಅತ್ಯಂತ ಕಠಿಣ ಪರೀಕ್ಷೆ ನಡೆದದ್ದು ಗಣಕಗಳ ವಿಷಯದಲ್ಲಿ. ಅಂದು ಭಾರತದಲ್ಲಿದ್ದ ಗಣಕಗಳಲ್ಲಿ ಹೆಚ್ಚಿನವು ಐ.ಬಿ.ಎಂ. ಮುಂತಾದ ವಿದೇಶಿ ಸಂಸ್ಥೆಗಳವು. ಐ.ಬಿ.ಎಂ. ಸಂಸ್ಥೆ ತನ್ನ ಯಂತ್ರಗಳನ್ನು ಬಾಡಿಗೆಗೆ ಕೊಡುತ್ತಿತ್ತು. ಹೊರದೇಶಗಳಲ್ಲಿ ಬಳಸಿ ನವೀಕರಿಸಿದ ಹಳೆಯ ಯಂತ್ರಗಳೂ ಅವುಗಳಲ್ಲಿದ್ದವು. ಇಂಥ ಸನ್ನಿವೇಶದಲ್ಲಿ 1969ರಲ್ಲಿ ಟಿ.ಡಿ.ಸಿ.-12 ಎಂಬ ಗಣಕ ಹೊರಬಂದಿತು. ಟ್ರಾಂಬೆ ಡಿಜಿಟಲ್ ಕಂಪ್ಯೂಟರ್ ಎಂಬುದು ಅದರ ಪೂರ್ಣ ಹೆಸರು. ಹನ್ನೆರಡು ಎಂಬುದು ಅದರ ಪದದ ಅಳತೆ, ಅಂದರೆ ಅದು ಒಮ್ಮೆಗೆ 12 ಬಿಟ್‌ಗಳನ್ನು ನಿರ್ವಹಿಸುತ್ತಿತ್ತು. ಹನ್ನೆರಡು ಬಿಟ್‌ಗಳಲ್ಲಿ ಬರೆಯಬಹುದಾದ ಬೇರೆಬೇರೆ ಸಂಖ್ಯೆಗಳು 4096 ಮಾತ್ರ. ಇಂದು ಪಾರ್ಕ್‌ಲೇನಿನಲ್ಲಿ ಮಾರಾಟವಾಗುವ ಪ್ರೊಸೆಸರುಗಳು 64 ಬಿಟ್‌ನವು ಎಂದರೆ ಅಂತರದ ಕಲ್ಪನೆ ಬಂದೀತು. ಆದರೆ ಆ ಪುಟ್ಟ ಯಂತ್ರದ ವಿನ್ಯಾಸವನ್ನು ಭಾರತೀಯ ಎಂಜಿನಿಯರುಗಳು ಬಲ್ಲವರಾಗಿದ್ದರು, ಕೆಟ್ಟರೆ ರಿಪೇರಿ ಮಾಡಬಲ್ಲವರಾಗಿದ್ದರು. 1974ರಲ್ಲಿ ಟಿ.ಡಿ.ಸಿ.-312, 1975ರಲ್ಲಿ 16 ಬಿಟ್‌ನ ಟಿ.ಡಿ.ಸಿ.-316, 1978ರಲ್ಲಿ ಮೈಕ್ರೊಪ್ರೊಸೆಸರ್ ಆಧಾರಿತ ಮೈಕ್ರೊ-78 ಹೀಗೆ ಪರಂಪರೆ ಮುಂದುವರಿಯಿತು. ವಿಶ್ವವಿದ್ಯಾಲಯಗಳು, ಸರಕಾರಿ ಪ್ರಯೋಗಶಾಲೆಗಳು ಇವುಗಳ ಮುಖ್ಯ ಗ್ರಾಹಕರಾಗಿದ್ದವು.

ರಾಯರ ಸಂಸ್ಥೆ ಕನ್ನಡ ನಾಡಿಗೆ ಸಲ್ಲಿಸಿದ ಸೇವೆಯೊಂದನ್ನು ಇಲ್ಲಿ ವಿಶೇಷವಾಗಿ ಸ್ಮರಿಸಬೇಕು. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ಅಮೆರಿಕದ ಎ.ಟಿ.ಎಸ್.-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ದೂರದರ್ಶನ ತಲುಪಿಸುವ ಸೈಟ್ ಎಂಬ ಮಹಾಪ್ರಯೋಗ ನಡೆಯಿತು. ಕಲಬುರಗಿ, ರಾಯಚೂರು, ವಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿ ಸೇರಿದ್ದವು. ನಗರದ ಬಹುತೇಕ ಮನೆಗಳೇ ಟಿ.ವಿ. ಕಾಣದಿದ್ದ ಆ ದಿನಗಳಲ್ಲಿ ಹಳ್ಳಿಯ ಜನರು ಸಂಜೆ ಒಂದೆಡೆ ಕೂಡಿ ಕನ್ನಡ ಕಾರ್ಯಕ್ರಮಗಳನ್ನು ನೋಡಿದರು. ಕೋಳಿ ಗೂಡಿಗೆ ಬಳಸುವಂಥ ತಂತಿಬಲೆಯಿಂದ ಮಾಡಿದ ಮೂರು ಮೀಟರಿನ ಆಂಟೆನಾ ಹಾಗೂ ಧೂಳು, ಸೆಕೆ, ವಿದ್ಯುತ್ತಿನ ಏರಿಳಿತಗಳನ್ನು ತಾಳಿಕೊಳ್ಳಬೇಕಾದ ಗ್ರಾಹಕ ಯಂತ್ರ, ಇವು ಆ ಪ್ರಯೋಗದ ಜೀವಾಳ. ಆ ಟಿ.ವಿ. ಯಂತ್ರಗಳನ್ನು ತಯಾರಿಸಿದ್ದು ಹೈದರಾಬಾದಿನ ಇ.ಸಿ.ಐ.ಎಲ್. ಸಂಸ್ಥೆ. ಇ.ಸಿ. ಟಿ.ವಿ. ಎಂಬ ಹೆಸರಿನಲ್ಲಿ ಅದರ ಕಪ್ಪು ಬಿಳುಪಿನ ಪೆಟ್ಟಿಗೆಗಳು ಮಧ್ಯಮ ವರ್ಗದ ಮನೆಗಳಿಗೂ ಬಂದವು. ಹಿರಿಯ ಓದುಗರಲ್ಲಿ ಅನೇಕರಿಗೆ ಅದರ ನೆನಪಿರಬಹುದು. 1972ರಲ್ಲಿ ರಾಯರಿಗೆ ಪದ್ಮಭೂಷಣ ಪ್ರಶಸ್ತಿ ದೊರೆತಿತ್ತು.

ಇಷ್ಟೆಲ್ಲ ಇದ್ದರೂ ರಾಯರ ಬದುಕನ್ನು ಬರಿಯ ಯಶಸ್ಸಿನ ಕಥೆಯನ್ನಾಗಿ ಹೇಳುವುದು ಸತ್ಯಕ್ಕೆ ಅಪಚಾರವಾದೀತು. ಟಿ.ಡಿ.ಸಿ. ಗಣಕಗಳು ದುಬಾರಿಯಾಗಿದ್ದವು, ಹೊರಗಿನ ಯಂತ್ರಗಳಿಗಿಂತ ಹಿಂದುಳಿದಿದ್ದವು. ಡಿಸ್ಕ್, ಟೇಪ್, ಪ್ರಿಂಟರ್‌ಗಳಂಥ ಅಂಗಸಾಧನಗಳಿಗೆ ಬಹುಮಟ್ಟಿಗೆ ಆಮದನ್ನೇ ನೆಚ್ಚಬೇಕಾಗಿತ್ತು. 1971ರಲ್ಲಿ ಇಂಟೆಲ್ ಸಂಸ್ಥೆ ಮೊದಲ ಮೈಕ್ರೊಪ್ರೊಸೆಸರನ್ನು ಮಾರುಕಟ್ಟೆಗೆ ಬಿಟ್ಟ ಮೇಲೆ ಜಗತ್ತಿನ ವೇಗವೇ ಬದಲಾಯಿತು. ಇತ್ತ ಸರಕಾರದ ಆಮದು ನಿರ್ಬಂಧಗಳು ಇ.ಸಿ.ಐ.ಎಲ್. ಗಣಕಗಳಿಗೆ ರಕ್ಷಣೆ ನೀಡಿದವು. ಯಂತ್ರಕ್ಕಾಗಿ ಅನುಮತಿ ಬೇಡಿ ವರ್ಷಗಟ್ಟಲೆ ಕಾದ ಸಂಶೋಧಕರ ಅಸಮಾಧಾನವೂ ನ್ಯಾಯವಾದದ್ದೇ. 1978ರಲ್ಲಿ ಐ.ಬಿ.ಎಂ. ದೇಶ ಬಿಟ್ಟಿತು. ಅದೇ ಸುಮಾರಿಗೆ ಖಾಸಗಿಯವರಿಗೂ ಪುಟ್ಟ ಗಣಕಗಳ ತಯಾರಿಕೆಗೆ ಅವಕಾಶ ದೊರೆಯಿತು. ಸಿದ್ಧ ಮೈಕ್ರೊಪ್ರೊಸೆಸರುಗಳನ್ನು ತರಿಸಿ ಜೋಡಿಸಿದ ಹೊಸಬರು ಮಾರುಕಟ್ಟೆಯಲ್ಲಿ ಇ.ಸಿ.ಐ.ಎಲ್. ಸಂಸ್ಥೆಯನ್ನು ಹಿಂದೆ ಹಾಕಿದರು. ಆ ವೇಳೆಗೆ ರಾಯರು ನಿವೃತ್ತಿಯ ಹಾದಿಯಲ್ಲಿದ್ದರು.

ಹಾಗಾದರೆ ಅವರ ಶ್ರಮ ವ್ಯರ್ಥವಾಯಿತೆ? ಈ ಪ್ರಶ್ನೆಗೆ ಉತ್ತರ ನನಗೆ ದೊರೆತದ್ದು ಪುಸ್ತಕದಲ್ಲಿ ಅಲ್ಲ, ಬ್ಯಾಂಕಿನ ಕೌಂಟರಿನಲ್ಲಿ. 1990ರ ದಶಕದಲ್ಲಿ ನಾನು ಕೆಲಸಕ್ಕೆ ಸೇರಿದಾಗ ನಮ್ಮ ಶಾಖೆಗೆ ಲೆಡ್ಜರ್ ಬರೆಯುವ ಗಣಕ ಆಗಷ್ಟೇ ಬಂದಿತ್ತು. ಒಂದು ತಿಂಗಳ ಮೊದಲ ದಿನ, ಪಿಂಚಣಿದಾರರ ಸಾಲು ಬಾಗಿಲು ದಾಟಿ ನಿಂತಿದ್ದಾಗ, ಅದು ಹಠಾತ್ತನೆ ನಿಂತುಹೋಯಿತು. ನಾವೆಲ್ಲ ಪದವೀಧರರು, ಆದರೂ ಆ ಪೆಟ್ಟಿಗೆಯ ಮುಂದೆ ಕೈಕಟ್ಟಿ ನಿಂತೆವು. ತಂತ್ರಜ್ಞರು ಬರುವಷ್ಟರಲ್ಲಿ ಸಂಜೆಯಾಗಿತ್ತು. ಸಡಿಲಗೊಂಡಿದ್ದ ಒಂದು ಕಾರ್ಡನ್ನು ತೆಗೆದು ಒರಸಿ ಮತ್ತೆ ಕೂರಿಸಿದರು, ಯಂತ್ರ ನಡೆಯಿತು. ಐದು ನಿಮಿಷದ ಕೆಲಸ. ಆ ಐದು ನಿಮಿಷದ ತಿಳಿವಳಿಕೆ ನಮ್ಮಲ್ಲಿ ಒಬ್ಬರಿಗೂ ಇಲ್ಲದ್ದರಿಂದ ವೃದ್ಧರು ಬರಿಗೈಯಲ್ಲಿ ಮನೆಗೆ ಹೋದರು. ರಾಯರು ಇಡೀ ದೇಶಕ್ಕೆ ಕಲಿಸಲು ಹೊರಟದ್ದು ಅಂಥ ತಿಳಿವಳಿಕೆಯನ್ನೇ ಎಂದು ಈಗ ಅನ್ನಿಸುತ್ತದೆ.

ಅವರು ಕಟ್ಟಿದ ಗಣಕಗಳು ಗುಜರಿ ಸೇರಿರಬಹುದು, ಕಲಿತ ಕೈಗಳ ಪರಂಪರೆ ಉಳಿಯಿತು. 1979ರಲ್ಲಿ ವಿದ್ಯುನ್ಮಾನ ಮತಯಂತ್ರದ ಮಾದರಿಯನ್ನು ಸಿದ್ಧಪಡಿಸಿದ್ದು ಇದೇ ಇ.ಸಿ.ಐ.ಎಲ್. 1982ರಲ್ಲಿ ಕೇರಳದ ಪರವೂರು ಕ್ಷೇತ್ರದ 50 ಮತಗಟ್ಟೆಗಳಲ್ಲಿ ಮತಯಂತ್ರಗಳು ಮೊದಲ ಬಾರಿಗೆ ಬಳಕೆಯಾದವು. ಇಂದಿಗೂ ದೇಶದ ಮತಯಂತ್ರಗಳನ್ನು ತಯಾರಿಸುವುದು ಹೈದರಾಬಾದಿನ ಇ.ಸಿ.ಐ.ಎಲ್. ಹಾಗೂ ಬೆಂಗಳೂರಿನ ಬಿ.ಇ.ಎಲ್. ಸಂಸ್ಥೆಗಳು. 2008ರ ಅಕ್ಟೋಬರಿನಲ್ಲಿ ಚಂದ್ರಯಾನ-1 ನೌಕೆ ಮೇಲೇರಿದಾಗ ಅದರ ಸಂಕೇತಗಳಿಗೆ ಕಿವಿಗೊಟ್ಟ, ಬೆಂಗಳೂರಿನ ಸಮೀಪದ ಬ್ಯಾಲಾಳುವಿನ 32 ಮೀಟರ್ ಆಂಟೆನಾ ಕೂಡ ಇ.ಸಿ.ಐ.ಎಲ್. ನಿರ್ಮಾಣವೇ.

ರಾಯರು 2003ರ ಅಕ್ಟೋಬರ್ 31ರಂದು ನಿಧನರಾದರು. ಅಷ್ಟರಲ್ಲಿ ನಗರದ ಪಶ್ಚಿಮ ದಿಕ್ಕಿನಲ್ಲಿ ಹೈಟೆಕ್ ಸಿಟಿ ತಲೆಯೆತ್ತಿತ್ತು. ತಂತ್ರಾಂಶದ ಉದ್ಯೋಗಗಳು ಸಾವಿರಾರು ಮನೆಗಳ ದೀಪ ಬೆಳಗಿದ್ದವು. ನಮ್ಮ ಅನೇಕ ಕನ್ನಡ ಕುಟುಂಬಗಳೂ ಈ ಊರಿಗೆ ಬಂದದ್ದು ಆ ದಾರಿಯಲ್ಲೇ. ಆ ಬೆಳಕಿನ ನಡುವೆ, ಯಂತ್ರವನ್ನೇ ಇಲ್ಲಿ ಮಾಡಬೇಕೆಂಬ ಅವರ ಮಾತು ಹಳೆಯ ಕಾಲದ ಹಠದಂತೆ ಕೇಳಿಸಿದ್ದರೆ ಆಶ್ಚರ್ಯವಿಲ್ಲ. ಆದರೆ 2021ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ಚಿಪ್ಪು ತಯಾರಿಕೆಗಾಗಿ 76,000 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ನೀಡಿತು. 1960ರ ದಶಕದ ಆ ನಾಲ್ವರ ಸಮಿತಿ ಹೇಳಿದ್ದನ್ನು ದೇಶ ಬಹಳ ತಡವಾಗಿ, ಬಹಳ ದುಬಾರಿಯಾಗಿ ಮತ್ತೆ ಕೈಗೆತ್ತಿಕೊಂಡಂತಾಯಿತು.

ರಾಯರ ದಾರಿಯೆಲ್ಲ ಸರಿಯಾಗಿತ್ತೆಂದು ವಾದಿಸುವುದು ನನ್ನ ಉದ್ದೇಶವಲ್ಲ. ಬೇಲಿ ಹಾಕಿ ಬೆಳೆಸಿದ ಗಿಡ ಬಯಲಿನ ಗಾಳಿಗೆ ನಿಲ್ಲಲಿಲ್ಲ ಎಂಬುದು ನಿಜ. ಆದರೆ ಗಿಡವನ್ನೇ ನೆಡದವರು ನೆರಳಿನ ಬೆಲೆಯನ್ನು ಪರರು ಹೇಳಿದಷ್ಟು ತೆರಬೇಕಾಗುತ್ತದೆ ಎಂಬುದೂ ಅಷ್ಟೇ ನಿಜ. ಮನೆಯ ಮಕ್ಕಳು ಕ್ಯಾಬಿನೆಟ್ಟಿನ ಸ್ಕ್ರೂ ಬಿಚ್ಚಿ ಒಳಗೆ ಇಣುಕುವಾಗ, ಹಾಳಾದೀತೆಂದು ನಾವು ಹಿರಿಯರು ಗದರುವುದುಂಟು. ಇನ್ನು ಮುಂದೆ ಗದರುವ ಮೊದಲು ಒಂದು ಕ್ಷಣ ತಡೆಯೋಣ. ಒಂದು ರಜಾದಿನ ಅವರನ್ನು ಕರೆದುಕೊಂಡು ಎ. ಎಸ್. ರಾವ್ ನಗರದ ಕಡೆಗೆ ಹೋಗಿ, ಆ ಹೆಸರಿನ ಹಿಂದಿರುವ ಮನುಷ್ಯನ ಕಥೆಯನ್ನು ಹೇಳಿದರೆ, ಅದೇ ನಾವು ಅವರಿಗೆ ಸಲ್ಲಿಸಬಹುದಾದ ಗೌರವ.