ಅಣುಸ್ಥಾವರಕ್ಕೂ ಮುಂಚಿನ ಹೋಮಿ ಭಾಭಾ

ಮಂಗಳೂರಿನ ಬಂದರ್‌ನ ದಕ್ಕೆಯಲ್ಲಿ ಅಂಗೈ ಚಾಚಿ ನಿಂತರೆ, ಸೆಕೆಂಡಿಗೆ ಸುಮಾರು ಒಂದರಂತೆ ಮ್ಯೂಆನ್ ಎಂಬ ಸೂಕ್ಷ್ಮ ಕಣ ಅದರ ಮೂಲಕ ಹಾದುಹೋಗುತ್ತದೆ. ನಮಗೆ ಗೊತ್ತೇ ಆಗುವುದಿಲ್ಲ. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ವಾತಾವರಣಕ್ಕೆ ಬಡಿದಾಗ, ಸುಮಾರು 15 ಕಿ.ಮೀ. ಎತ್ತರದಲ್ಲಿ ಈ ಕಣಗಳು ಹುಟ್ಟುತ್ತವೆ. ಇವುಗಳ ಸರಾಸರಿ ಆಯಸ್ಸು ಕೇವಲ 2.2 ಮೈಕ್ರೊಸೆಕೆಂಡ್. ಅಷ್ಟರಲ್ಲಿ ಬೆಳಕೇ ಓಡಿದರೂ ದಾಟುವುದು 660 ಮೀಟರ್! ಹಾಗಾದರೆ ಇವು ಸಮುದ್ರಮಟ್ಟದವರೆಗೆ ಬರುವುದು ಹೇಗೆ?

ಇದಕ್ಕೆ ಬೇಕಾದ ಸುಳಿವನ್ನು 1938ರಲ್ಲೇ ಕೊಟ್ಟವರು ಹೋಮಿ ಜಹಾಂಗೀರ್ ಭಾಭಾ. ಇಂಥ ಕಣ ತಾನಾಗಿ ಒಡೆಯುವಂಥದ್ದಾದರೆ, ವೇಗವಾಗಿ ಚಲಿಸುವಾಗ ಅದರ ಆಯಸ್ಸು ನಮ್ಮ ಗಡಿಯಾರದ ಲೆಕ್ಕದಲ್ಲಿ ಹಿಗ್ಗಬೇಕು ಎಂದು ಐನ್‌ಸ್ಟೈನರ ಸಾಪೇಕ್ಷತೆಯ ಆಧಾರದಲ್ಲಿ ಅವರು ತೋರಿಸಿದರು. ಮುಂದೆ ಪ್ರಯೋಗಗಳು ಅದನ್ನು ದೃಢಪಡಿಸಿದವು.

ಭಾಭಾ ಎಂದರೆ ನಮ್ಮಲ್ಲಿ ಹಲವರಿಗೆ ನೆನಪಾಗುವುದು ಅಣುಬಾಂಬ್. ಆದರೆ ಭಾರತದ ಮೊದಲ ಪರೀಕ್ಷೆ ನಡೆದದ್ದು 1974ರಲ್ಲಿ, ಅವರು ತೀರಿಕೊಂಡ ಎಂಟು ವರ್ಷಗಳ ನಂತರ. ಮೂಲತಃ ಅವರು ಕಾಗದ-ಪೆನ್ನಿನ ಸೈದ್ಧಾಂತಿಕ ವಿಜ್ಞಾನಿ.

1909ರಲ್ಲಿ ಮುಂಬೈಯಲ್ಲಿ ಹುಟ್ಟಿದ ಭಾಭಾ, 1927ರಲ್ಲಿ ಕೇಂಬ್ರಿಡ್ಜ್‌ಗೆ ಹೋದದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಲು. ಮಗ ಜಮ್‌ಶೆಡ್‌ಪುರದ ಉಕ್ಕಿನ ಕಾರ್ಖಾನೆ ಸೇರಲಿ ಎಂಬುದು ಮನೆಯವರ ಆಸೆ. ಅವರ ಮನಸ್ಸೆಲ್ಲ ಭೌತವಿಜ್ಞಾನದಲ್ಲಿತ್ತು. ಎಂಜಿನಿಯರಿಂಗ್ ಮುಗಿಸಿ ಅದಕ್ಕೇ ಹೊರಳಿದರು. ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ ಎದುರಾದಾಗ ಹೇಗೆ ಚದುರುತ್ತವೆ ಎಂದು ಅವರು ಹಾಕಿದ ಲೆಕ್ಕಕ್ಕೆ ಇಂದಿಗೂ ಅವರದೇ ಹೆಸರಿದೆ. 1937ರಲ್ಲಿ ವಾಲ್ಟರ್ ಹೈಟ್ಲರ್ ಜೊತೆ ಸೇರಿ ವಿಶ್ವಕಿರಣದ ‘ಸುರಿಮಳೆ’ಯನ್ನು ವಿವರಿಸಿದರು: ಶಕ್ತಿಶಾಲಿ ಎಲೆಕ್ಟ್ರಾನ್ ಫೋಟಾನನ್ನು ಹೊಮ್ಮಿಸುತ್ತದೆ, ಫೋಟಾನ್ ಎಲೆಕ್ಟ್ರಾನ್-ಪಾಸಿಟ್ರಾನ್ ಜೋಡಿಯಾಗುತ್ತದೆ, ಅವು ಮತ್ತೆ ಫೋಟಾನುಗಳನ್ನು ಹೊಮ್ಮಿಸುತ್ತವೆ. ಹೀಗೆ ಒಂದು ಕಣ ಸಾವಿರಾರು ಆಗುತ್ತದೆ.

1939ರಲ್ಲಿ ರಜೆಗೆಂದು ಊರಿಗೆ ಬಂದಿದ್ದಾಗ ಎರಡನೇ ಮಹಾಯುದ್ಧ ಶುರುವಾಯಿತು. ಕೇಂಬ್ರಿಡ್ಜ್‌ನ ದಾರಿ ಮುಚ್ಚಿತು. ಸಿ.ವಿ. ರಾಮನ್ ಇದ್ದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಭಾಭಾ ರೀಡರ್ ಆದರು. 1941ರಲ್ಲಿ, 31ರ ವಯಸ್ಸಿಗೇ, ರಾಯಲ್ ಸೊಸೈಟಿಯ ಫೆಲೋ. ಮರುವರ್ಷ ಪ್ರಾಧ್ಯಾಪಕ. ಇಲ್ಲೇ ಹರೀಶ್ ಚಂದ್ರರೊಡನೆ ಸಂಶೋಧನೆ ನಡೆಸಿದರು. ವಿಮಾನದಲ್ಲಿ ಉಪಕರಣ ಕಳಿಸಿ ಬೆಂಗಳೂರಿನ ಆಕಾಶದಲ್ಲಿ ವಿಶ್ವಕಿರಣಗಳನ್ನು ಅಳೆದರು.

ಯುದ್ಧ ಮುಗಿದ ಮೇಲೆ ಮರಳಿ ಹೋಗುವುದೇ, ಇಲ್ಲೇ ಉಳಿಯುವುದೇ? 1944ರ ಮಾರ್ಚ್‌ನಲ್ಲಿ ಟಾಟಾ ಟ್ರಸ್ಟ್‌ಗೆ ಪತ್ರ ಬರೆದು, ಮೂಲ ವಿಜ್ಞಾನಕ್ಕಾಗಿಯೇ ಒಂದು ಸಂಸ್ಥೆ ಬೇಕೆಂದು ಕೇಳಿದರು. 1945ರ ಜೂನ್‌ನಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಬೆಂಗಳೂರಿನಲ್ಲೇ ಆರಂಭವಾಗಿ, ಅದೇ ವರ್ಷ ಮುಂಬೈಗೆ ಹೋಯಿತು. 1948ರಲ್ಲಿ ಅಣುಶಕ್ತಿ ಆಯೋಗದ ಹೊಣೆಯೂ ಹೆಗಲೇರಿತು. ಸಂಸ್ಥೆಗಳು ಬೆಳೆದಂತೆ ಅವರ ಸ್ವಂತ ಸಂಶೋಧನೆ ಕ್ರಮೇಣ ಹಿಂದೆ ಸರಿಯಿತು. ಆ ಬೆಲೆ ತೆತ್ತೇ ಅವರು ಇತರರು ಸಂಶೋಧಿಸುವ ಜಾಗ ಕಟ್ಟಿದರು. 1965ರಲ್ಲಿ ಕೋಲಾರದ ಚಿನ್ನದ ಗಣಿಯ ಆಳದಲ್ಲಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತನ್ನು ಆ ಸಂಸ್ಥೆಯವರೂ ಇದ್ದ ತಂಡ ಪತ್ತೆಮಾಡಿತು.

1966ರ ಜನವರಿ 24ರಂದು ಮೌಂಟ್ ಬ್ಲಾಂಕ್ ಬಳಿಯ ವಿಮಾನ ಅಪಘಾತದಲ್ಲಿ ಭಾಭಾ ತೀರಿಕೊಂಡರು. ಅವರ ನಂತರ ಸಂಸ್ಥೆಯ ನಿರ್ದೇಶಕರಾದವರು ಎಂ.ಜಿ.ಕೆ. ಮೆನನ್. ಅವರೂ ವಿಶ್ವಕಿರಣಗಳ ವಿಜ್ಞಾನಿ. ಹುಟ್ಟಿದ್ದು ನಮ್ಮ ಮಂಗಳೂರಿನಲ್ಲೇ!